ಎಡಗಾಲಿಗೆ ಕೆಲಸವಿಲ್ಲ

ಅಕ್ಕನಿಗೆ ತನ್ನ ಎಡಗಾಲಿನ ಮೇಲೆ ಇದ್ದ ಅಭಿಮಾನ ಹೆತ್ತ ಮಕ್ಕಳ ಮೇಲೂ ಇರಲಿಲ್ಲ ಎಂದರೆ ತಪ್ಪಾಗುತ್ತದೆ, ಏಕೆಂದರೆ ಅವಳಿಗೆ ಮಕ್ಕಳಿರಲಿಲ್ಲ. ಇದ್ದಿದ್ದರೂ ಆ ಮಕ್ಕಳು ಎಡಗಾಲಿನ ಹಿಂದೆಯೇ ಸಾಲಿನಲ್ಲಿ ನಿಲ್ಲಬೇಕಾಗುತ್ತಿತ್ತು. ಬಲಗಾಲನ್ನು ಅವಳು ಅಷ್ಟಾಗಿ ವಿಚಾರಿಸುತ್ತಿರಲಿಲ್ಲ. ಆಕ್ಸಿಲರೇಟರು, ಬ್ರೇಕು ಎರಡನ್ನೂ ನೋಡಿಕೊಳ್ಳುತ್ತಿದ್ದುದು ಅದೇ, ನಿಜ. ಆದರೆ ಕ್ಲಚ್ಚು ಎಡಗಾಲಿನದು. ಗಾಡಿ ಓಡಿಸುವುದೆಂದರೆ ಕ್ಲಚ್ಚು ಬಿಡುವುದು, ಉಳಿದದ್ದೆಲ್ಲ ಹೊಟ್ಟೆಪಾಡು ಎಂಬುದು ಅವಳ ಸಿದ್ಧಾಂತ.

ಅವಳು ಮೊದಲು ಹನ್ನೊಂದು ವರ್ಷ ಒಂದು ಶಾಲೆಯ ವ್ಯಾನು ಓಡಿಸಿದ್ದಳು. ಈಗ ಹತ್ತೊಂಬತ್ತು ವರ್ಷದಿಂದ ತಂಗಿಯ ಕೇಕಿನಂಗಡಿಯ ವ್ಯಾನು ಓಡಿಸುತ್ತಿದ್ದಳು. ಕೇಕು ಮಾಡುವುದು ತಂಗಿ, ತಲುಪಿಸುವುದು ಅಕ್ಕ. ಸಣ್ಣ ಕೇಕುಗಳನ್ನು ಗಿರಾಕಿಗಳೇ ಬಂದು ಒಯ್ಯುತ್ತಿದ್ದರು. ಎರಡಂತಸ್ತು, ಮೂರಂತಸ್ತಿನವು ಮಾತ್ರ ವ್ಯಾನು ಹತ್ತುತ್ತಿದ್ದವು. ಅಂಥ ದಿನ ತಂಗಿಯೂ ಅದರ ಜೊತೆ ಹಿಂದುಗಡೆ ಹತ್ತಿ, ಕಿಟಕಿಯಿಲ್ಲದ ಆ ಡಬ್ಬದೊಳಗೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರುತ್ತಿದ್ದಳು. ಅಕ್ಕನ ಸೀಟಿಗೂ ಹಿಂಭಾಗಕ್ಕೂ ನಡುವೆ ತಗಡಿನ ಗೋಡೆ, ಗೋಡೆಯಲ್ಲಿ ಅಂಗೈಯಗಲದ ಜಾಲರಿ. ಇವಳು ಯಾಕೆ ಹಿಂದೆ ಕೂರುತ್ತಾಳೆ ಎಂದು ಅಕ್ಕ ಒಂದು ದಿನವೂ ಕೇಳಿರಲಿಲ್ಲ. ಮಾಡಿದವಳಿಗೆ ಕೇಕನ್ನು ಬಿಟ್ಟಿರಲು ಮನಸ್ಸು ಬರುವುದಿಲ್ಲ ಎಂದು ತಾನೇ ತೀರ್ಮಾನಿಸಿಕೊಂಡಿದ್ದಳು.

ತಲುಪಿದ ಮೇಲೆ ಒಂದು ಪದ್ಧತಿಯಿತ್ತು. ಅಕ್ಕ ಮೊದಲು ಒಳಗೆ ಹೋಗಿ, ಕೇಕು ಬಂದಿದೆಯೆಂದು ತಿಳಿಸಿ, ಯಾವ ಮೇಜು, ಬಾಗಿಲು ಎಷ್ಟಗಲ, ಫ್ಯಾನು ಆರಿಸಿದ್ದಾರೋ ಇಲ್ಲವೋ ಎಲ್ಲ ನೋಡಿಕೊಂಡು ಬರಬೇಕು. ಇದು ತಂಗಿ ಮಾಡಿದ ನಿಯಮ. ಅಕ್ಕನಿಗೆ ಅದರಲ್ಲಿ ತನ್ನ ದೊಡ್ಡಸ್ತಿಕೆ ಕಾಣುತ್ತಿದ್ದರಿಂದ ಐದು ನಿಮಿಷದ ಕೆಲಸವನ್ನು ಹತ್ತು ನಿಮಿಷ ಮಾಡುತ್ತಿದ್ದಳು. ವಾಪಸು ಬಂದು ಹಿಂಬಾಗಿಲು ತೆರೆದರೆ ಕೇಕು ಅಂಗಡಿ ಬಿಟ್ಟಾಗ ಹೇಗಿತ್ತೋ ಹಾಗೆಯೇ ಇರುತ್ತಿತ್ತು. "ಈ ರಸ್ತೇಲಿ ಇದನ್ನ ಹೇಗೆ ತಂದ್ರಿ?" ಎಂದು ಯಾರಾದರೂ ಬಾಯಿ ಬಿಟ್ಟರೆ ಸಾಕು, ಅಕ್ಕ ಎಡಗಾಲನ್ನು ಒಂದು ಗೇಣು ಮುಂದೆ ಚಾಚುವಳು.

"ಎಲ್ಲಾ ಇದರ ಕೆಲಸ. ಕ್ಲಚ್ಚು ಅಂದ್ರೆ ಒತ್ತೋದಲ್ಲ, ಬಿಡೋದು. ಒತ್ತೋಕೆ ಯಾರಿಗೆ ಬರಲ್ಲ ಹೇಳಿ?"

ತಂಗಿ ಪಕ್ಕದಲ್ಲಿ ನಿಂತು, ಏಪ್ರನ್ನಿನ ಜೇಬಿನೊಳಗೆ ಎರಡೂ ಕೈ ಇಟ್ಟುಕೊಂಡು ನಗುತ್ತಿದ್ದಳು.

ಅಂಗಡಿಯಲ್ಲಿ ಅಕ್ಕನಿಗೆ ಇದ್ದ ಜಾಗವೆಂದರೆ ಆ ಡ್ರೈವರ್ ಸೀಟು ಒಂದೇ. ಅಡುಗೆಮನೆಗೆ ಅವಳಿಗೆ ಪ್ರವೇಶವಿರಲಿಲ್ಲ. ಓವನ್ನಿನಲ್ಲಿ ಕೇಕು ಬೇಯುತ್ತಿದೆಯೆಂದು ಗೊತ್ತಾದರೆ ಅದರ ಬಾಗಿಲು ತೆರೆದು ನೋಡದೆ ಅವಳ ಜೀವಕ್ಕೆ ಸಮಾಧಾನವಿಲ್ಲ, ತೆರೆದರೆ ಉಬ್ಬಿದ ಕೇಕು ಅಲ್ಲೇ ಕುಸಿದು ಕೂರುತ್ತದೆ. ಹಾಗೆ ಆರು ಕೇಕುಗಳು ಕೂತ ಮೇಲೆ ತಂಗಿ ಅವಳನ್ನು ಶಾಶ್ವತವಾಗಿ ಹೊರಗೆ ಹಾಕಿದ್ದಳು. ಕೌಂಟರಿನಲ್ಲಿ ನಿಲ್ಲಿಸಿದರೆ ಗಿರಾಕಿಗಳಿಗೆ "ಇದು ನಿಮಗೆ ಯಾಕೆ, ಈಗಲೇ ದಪ್ಪಗಿದ್ದೀರಲ್ಲ" ಎನ್ನುವಳು. ಹಾಗಾಗಿ ವ್ಯಾನೇ ಗತಿ.

ಆ ವ್ಯಾನಿನ ಗೇರ್‌ಬಾಕ್ಸು ಒಂದು ಮಂಗಳವಾರ ಕೈಕೊಟ್ಟಿತು. ಮೆಕ್ಯಾನಿಕ್ಕು ಕೆಳಗೆ ತೂರಿ, ಅರ್ಧ ಗಂಟೆ ಬಿಟ್ಟು ಹೊರಗೆ ಬಂದು ಕೈ ಒರೆಸಿಕೊಂಡ. "ಇದರ ಸಾಮಾನು ಈಗ ಯಾರೂ ಮಾಡಲ್ಲ ಅಕ್ಕ. ಒಂದು ಒಳ್ಳೆ ಫೋಟೋ ತೆಗೆಸಿ ಗೋಡೆಗೆ ಹಾಕ್ಕೊಂಡುಬಿಡಿ" ಎಂದ.

ಹೊಸ ವ್ಯಾನು ನೋಡಲು ತಂಗಿ ಅಳತೆಪಟ್ಟಿ ಹಿಡಿದು ಒಬ್ಬಳೇ ಹೋದಳು. ಅವಳಿಗೆ ಬೇಕಾದದ್ದು ಎತ್ತರದ ಹಿಂಬಾಗಿಲು. ಹಲ್ಲಿನ ಡಾಕ್ಟರಮ್ಮ ನಿವೃತ್ತಿಯಾಗುತ್ತಿದ್ದರು, ಜೀವಮಾನವೆಲ್ಲ ಸಿಹಿ ಬೇಡ ಎಂದು ಊರಿಗೆ ಬುದ್ಧಿ ಹೇಳಿದ್ದರ ಪ್ರಾಯಶ್ಚಿತ್ತಕ್ಕೋ ಏನೋ ನಾಲ್ಕಂತಸ್ತಿನ ಕೇಕಿಗೆ ಹೇಳಿದ್ದರು. ಅಷ್ಟು ಎತ್ತರದ ಕೇಕು ನಿಂತ ಭಂಗಿಯಲ್ಲೇ ಹಿಡಿಸುವ ವ್ಯಾನು ಅಲ್ಲಿ ಒಂದೇ ಒಂದಿತ್ತು. ತಂಗಿ ಮಾರುವವನಿಗೆ ಹೂಂ ಅಂದು, ಅದನ್ನು ಅಂಗಡಿ ಮುಂದೆ ತರಿಸಿ ನಿಲ್ಲಿಸಿದಳು. ಅಕ್ಕ ಒಳಗೆ ಬಗ್ಗಿ ನೋಡಿದಳು. ನೋಡಿ, ಕೆಳಗಿಳಿದು, ಇನ್ನೊಂದು ಸಲ ಬಗ್ಗಿ ನೋಡಿದಳು.

"ಎರಡೇ ಪೆಡಲ್ ಇದೆಯಲ್ಲೇ. ಮೂರನೇದು ಎಲ್ಲಿ ಬಿತ್ತು?"

"ಆಟೋಮ್ಯಾಟಿಕ್ಕು ಅಕ್ಕ. ಕ್ಲಚ್ಚಿಲ್ಲ. ಗೇರು ಅದೇ ಹಾಕ್ಕೊಳ್ಳುತ್ತೆ."

"ಅದೇ ಹಾಕ್ಕೊಳ್ಳುತ್ತಾ? ಹಾಗಿದ್ರೆ ನಾನ್ಯಾಕೆ? ಅಡ್ರೆಸ್ಸು ಬರೆದು ಸೀಟಿನ ಮೇಲಿಟ್ಟು ಕಳಿಸು."

ತಮಾಷೆಯಾಗಿಯೇ ಹೇಳಿದಳು. ಆದರೆ ಹೇಳಿ ಮುಗಿಸುವಷ್ಟರಲ್ಲಿ ಅದು ತಮಾಷೆಯಾಗಿ ಉಳಿದಿರಲಿಲ್ಲ. ಕ್ಲಚ್ಚು ಬಿಡುವವಳು ಎಂದೇ ತಾನೇ ಅವಳು ಈ ಅಂಗಡಿಯಲ್ಲಿ ಇದ್ದದ್ದು? ಎರಡು ಪೆಡಲಿನ ಗಾಡಿಯನ್ನು ಯಾರು ಬೇಕಾದರೂ ಓಡಿಸಬಹುದು. ದಾರಿಯಲ್ಲಿ ಹೋಗುವವರನ್ನು ಕರೆದು ಕೂರಿಸಿದರೂ ನಡೆಯುತ್ತದೆ.

ಓಡಿಸುವುದು ಅಷ್ಟು ಸುಲಭವಲ್ಲ ಎಂದು ಮರುದಿನವೇ ಗೊತ್ತಾಯಿತು, ಅದೂ ಅಕ್ಕನಿಂದಲೇ. ಈಜುವ ಸಂಘದವರ ಎರಡಂತಸ್ತಿನ ನೀಲಿ ಕೇಕು ಹಿಂದೆ, ಜೊತೆಗೆ ತಂಗಿ. ಮೊದಲ ಬೀದಿ ದಾಟಿ ವ್ಯಾನು ವೇಗ ಹಿಡಿಯಿತು. ಮೂವತ್ತು ವರ್ಷದ ಅಭ್ಯಾಸ, ಇಲ್ಲಿ ಗೇರು ಬದಲಿಸಬೇಕು ಎಂದು ಎಡಗಾಲು ಯಾರನ್ನೂ ಕೇಳದೆ ಎದ್ದು ಕ್ಲಚ್ಚು ಹುಡುಕಿತು. ಅಲ್ಲಿ ಅಗಲವಾದ ಬ್ರೇಕು ಇತ್ತು. ಎಡಗಾಲು ಅದನ್ನೇ ಕ್ಲಚ್ಚೆಂದು ತಿಳಿದು, ಹಳೆಯ ಪ್ರೀತಿಯಿಂದ ನೆಲಮುಟ್ಟ ಒತ್ತಿತು. ವ್ಯಾನು ಇದ್ದಲ್ಲೇ ನಾಟಿ ನಿಂತಿತು. ಅಕ್ಕನ ಹಣೆ ಸ್ಟಿಯರಿಂಗಿಗೆ ಬಡಿಯಿತು. ಹಿಂದಿನಿಂದ ಒಂದು ಮೆತ್ತನೆಯ ಸದ್ದು ಬಂತು, ಆಮೇಲೆ ಏನೂ ಇಲ್ಲ. ಆ ಏನೂ ಇಲ್ಲದ್ದೇ ಅಕ್ಕನನ್ನು ಹೆದರಿಸಿತು.

ಬಾಗಿಲು ತೆರೆದಾಗ ತಂಗಿ ಸೊಂಟದಿಂದ ಮೇಲೆ ನೀಲಿಯಾಗಿದ್ದಳು. ಕಣ್ಣೆರಡು ಮಾತ್ರ ಸ್ವಂತ ಬಣ್ಣದಲ್ಲಿದ್ದವು.

"ಗಾಡಿದು ತಪ್ಪು" ಎಂದಳು ಅಕ್ಕ.

ತಂಗಿ ಮೂಗಿನ ಮೇಲಿದ್ದ ಕ್ರೀಮನ್ನು ಬೆರಳಲ್ಲಿ ತೆಗೆದು, ಅಭ್ಯಾಸಬಲದಿಂದ ರುಚಿ ನೋಡಿದಳು.

ಬಣ್ಣ ಎರಡು ದಿನ ಹೋಗಲಿಲ್ಲ. ಮೂರನೆಯ ದಿನ, ಕಿವಿಯ ಹಿಂದೆ ಸ್ವಲ್ಪ ನೀಲಿ ಉಳಿದಿರುವಾಗಲೇ, ತಂಗಿ ಮಾತು ತೆಗೆದಳು. ಕೇಕುಗಳನ್ನು ತಲುಪಿಸುವುದೇ ಕಸುಬಾದ ಒಂದು ಕಂಪನಿಯವನು ಬಂದು ಹೋಗಿದ್ದನಂತೆ. ಅವನ ಹತ್ತಿರ ತಣ್ಣಗಿನ ವ್ಯಾನುಗಳಿದ್ದವು, ಟೋಪಿ ಹಾಕಿದ ಡ್ರೈವರುಗಳಿದ್ದರು.

"ಡಾಕ್ಟರಮ್ಮನ ಕೇಕು ನೆಟ್ಟಗೆ ಹೋಗಿ ಸೇರಿದ್ರೆ ಸರಿ. ಇಲ್ಲಾಂದ್ರೆ ಮುಂದಿನ ತಿಂಗಳಿಂದ ಅವನಿಗೇ ಕೊಡೋಣ ಅಂತ. ಬೇಜಾರು ಮಾಡ್ಕೋಬೇಡ ಅಕ್ಕ. ನಿನಗೂ ವಯಸ್ಸಾಯ್ತು, ಆರಾಮಾಗಿ ಇರು."

ಆರಾಮ ಎಂಬ ಶಬ್ದ ಕೇಳಿ ಅಕ್ಕನಿಗೆ ಮೈಯೆಲ್ಲ ಉರಿದುಹೋಯಿತು. ಆರಾಮವಾಗಿ ಇದ್ದು ಎಲ್ಲಿ ಕೂರುವುದು? ಅಡುಗೆಮನೆಯಲ್ಲೋ, ಕೌಂಟರಿನಲ್ಲೋ? ಅವಳು ವ್ಯಾನಿನ ಬೀಗದ ಕೈ ತೆಗೆದುಕೊಂಡು ಹೊರಟಳು.

ಮುಚ್ಚಿಹೋದ ಒಂದು ಸಿನಿಮಾ ಮಂದಿರದ ಹಿಂದೆ ಖಾಲಿ ಜಾಗವಿತ್ತು. ಒಂದು ವಾರ, ಬೆಳಗ್ಗೆ ಆರಕ್ಕೆ, ಅಕ್ಕ ಅಲ್ಲಿ ಎಡಗಾಲಿಗೆ ಪಾಠ ಹೇಳಿದಳು. ಮೊದಲ ದಿನ ಬಾಯಲ್ಲಿ ಹೇಳಿದಳು, ಅದು ಕೇಳಲಿಲ್ಲ. ಎರಡನೆಯ ದಿನ ಬೈದಳು. ಮೂರನೆಯ ದಿನ ಆ ಕಾಲಿನ ಚಪ್ಪಲಿ ಬಿಚ್ಚಿ ಪಕ್ಕಕ್ಕೆ ಇಟ್ಟಳು. ಬರಿಗಾಲು ರಬ್ಬರಿನ ಚಾಪೆಗೆ ತಾಗಿ ತಣ್ಣಗಾಗುತ್ತಲೇ, ಇವತ್ತು ಡ್ಯೂಟಿಯಿಲ್ಲ ಎಂದು ಅದಕ್ಕೆ ಅರ್ಥವಾಯಿತು. ನಾಲ್ಕನೆಯ ದಿನದಿಂದ ಅದು ಮಿಸುಕಲಿಲ್ಲ. ಇಷ್ಟು ವರ್ಷ ಯಾರೂ ಹೆಸರೆತ್ತದ ಬಲಗಾಲೇ ಎಲ್ಲವನ್ನೂ ಮಾಡತೊಡಗಿತು, ಮಾಡಿದ್ದೂ ಚೆನ್ನಾಗಿಯೇ. ಗಾಡಿ ತನ್ನಷ್ಟಕ್ಕೆ ಗೇರು ಬದಲಿಸುತ್ತಿದ್ದದ್ದು ಒಳಗೆ ಕೂತವರಿಗೆ ತಿಳಿಯುತ್ತಲೇ ಇರಲಿಲ್ಲ. ಏರಿನಲ್ಲಿ ನಿಲ್ಲಿಸಿ ಹೊರಟರೂ ಹಿಂದಕ್ಕೆ ಜಾರಲಿಲ್ಲ. ಡ್ಯಾಶ್‌ಬೋರ್ಡಿನ ಮೇಲೆ ಲೋಟದಲ್ಲಿ ನೀರಿಟ್ಟು ಎಂಟರ ಆಕಾರದಲ್ಲಿ ಸುತ್ತಿದಳು, ಒಂದು ಹನಿ ಚೆಲ್ಲಲಿಲ್ಲ. ಹಳೆಯದಕ್ಕಿಂತ ಇದೇ ಒಂದು ಕೈ ಮೇಲು ಎಂದು ಮನಸ್ಸಿನಲ್ಲಿ ಒಪ್ಪಿಕೊಂಡಳು. ಬಾಯಿಬಿಟ್ಟು ಹೇಳುವಷ್ಟು ದೊಡ್ಡ ಮನಸ್ಸು ಮಾಡಲಿಲ್ಲ.

ಡಾಕ್ಟರಮ್ಮನ ಕೇಕು ಶನಿವಾರ ಮಧ್ಯಾಹ್ನ ಹೊರಟಿತು. ಬೆಳ್ಳಗೆ, ನಾಲ್ಕಂತಸ್ತು, ಕೂತ ತಂಗಿಯ ಗಲ್ಲದಷ್ಟು ಎತ್ತರ. ಅದರ ಜೊತೆ ತಂಗಿ ಹತ್ತಿದಳು, ಮಂಡಿಯೂರಿ ಕೂತಳು, ಬಾಗಿಲು ಮುಚ್ಚಿಕೊಂಡಿತು. ಕ್ಲಿನಿಕ್ಕು ಇದ್ದದ್ದು ಊರಿನ ಆ ತುದಿಯಲ್ಲಿ, ನಲವತ್ತು ನಿಮಿಷದ ದಾರಿ. ಅಕ್ಕ ಎಡಗಾಲಿನ ಚಪ್ಪಲಿ ಬಿಚ್ಚಿ, ಉಸಿರು ಎಳೆದುಕೊಂಡು ಹೊರಟಳು.

ಎಂಥ ಓಡಿಸುವಿಕೆ ಅದು! ಸಿಗ್ನಲ್ಲು ದೂರದಲ್ಲಿ ಕಂಡಾಗಲೇ ಬಲಗಾಲು ಹಗುರಾಗುತ್ತಿತ್ತು. ಮೂಲೆಗಳಲ್ಲಿ ವ್ಯಾನು ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ತಿರುಗಿತು. ಅಡ್ಡ ಬಂದ ಸೈಕಲ್ಲಿನವನಿಗೂ ಅಕ್ಕ ಅಂದು ಒಂದು ಮಾತು ಬೈಯಲಿಲ್ಲ. ಟೋಪಿ ಹಾಕಿದ ಡ್ರೈವರುಗಳು ಬಂದು ಕಲಿತುಕೊಂಡು ಹೋಗಲಿ ಎಂದುಕೊಂಡು ಅವಳು ಹಾಡು ಗುನುಗಲು ಶುರುಮಾಡುವಷ್ಟರಲ್ಲಿ, ಹಿಂದಿನ ತಗಡಿಗೆ ಧಡಧಡ ಗುದ್ದು ಬಿತ್ತು.

"ನಿಲ್ಸು! ಅಕ್ಕಾ, ನಿಲ್ಸೇ!"

ಬದಿಗೆ ಹಾಕಿ, ಇಳಿದು ಓಡಿ, ಬಾಗಿಲು ತೆರೆದಳು. ಮೇಲಿನೆರಡು ಅಂತಸ್ತು ಮುಂದಕ್ಕೆ ವಾಲಿದ್ದವು. ತಂಗಿ ಎರಡೂ ತೋಳಿನಲ್ಲಿ ಕೇಕನ್ನು ತಬ್ಬಿ ಹಿಡಿದಿದ್ದಳು. ಅವಳ ಐದು ಬೆರಳು ಮೂರನೆಯ ಅಂತಸ್ತಿನೊಳಗೆ ಹೂತುಹೋಗಿದ್ದವು.

"ಇದು ಹೇಗಾಯ್ತೇ? ನಾನು ಒಂದ್ಸಲಾನೂ ಜೋರಾಗಿ ಬ್ರೇಕ್ ಹಾಕಿಲ್ಲ! ಲೋಟದಲ್ಲಿ ನೀರು ಇಟ್ಟಿದ್ರೂ ಅಲುಗ್ತಾ ಇರ್ಲಿಲ್ಲ!"

"ನೀರು ಅಲುಗಿದ್ರೂ ತಾನಾಗೇ ಸರಿಹೋಗುತ್ತೆ ಅಕ್ಕ. ಕೇಕು ಸರಿಹೋಗಲ್ಲ." ತಂಗಿಗೆ ಮೇಲುಸಿರು ಬರುತ್ತಿತ್ತು. "ನೀನು ಚೆನ್ನಾಗೇ ಓಡಿಸ್ತಿದ್ದೀಯ. ಆದ್ರೆ ನನಗೇನೂ ಕೇಳಿಸ್ತಿಲ್ಲ."

"ಏನು ಕೇಳಿಸಬೇಕಿತ್ತು ನಿನಗೆ?"

ಉತ್ತರಕ್ಕೆ ಕೇಕು ಕಾಯುವ ಸ್ಥಿತಿಯಲ್ಲಿರಲಿಲ್ಲ. ತಂಗಿ ಒಂದು ಕೈ ಬಿಡಿಸಿಕೊಂಡು ಏಪ್ರನ್ನಿನ ಜೇಬಿನಿಂದ ಕ್ರೀಮು ತುಂಬಿದ ಕೋನನ್ನೂ ಚಪ್ಪಟೆ ಚಾಕುವನ್ನೂ ಹೊರತೆಗೆದಳು. ಅಕ್ಕನಿಗೆ ಮೇಲಿನ ಅಂತಸ್ತು ಹಿಡಿದುಕೊಳ್ಳಲು ಕಣ್ಣಲ್ಲೇ ಹೇಳಿ, ವಾಲಿದ್ದನ್ನು ನೆಟ್ಟಗೆ ಮಾಡಿ, ಬೆರಳಿನ ಗುಳಿಗಳಿಗೆ ಕ್ರೀಮು ತುಂಬಿ, ಚಾಕುವಿನಿಂದ ಒಂದೇ ಎಳೆತಕ್ಕೆ ಸಮ ಮಾಡಿದಳು. ಗುಳಿಯಿದ್ದ ಕಡೆ ಈಗ ಏನೂ ಇರಲಿಲ್ಲ. ಆ ಕೈಚಳಕ ಇವತ್ತು ಮೊದಲ ಸಲ ಬಂದದ್ದಲ್ಲ ಎಂದು ಕುರುಡರಿಗೂ ತಿಳಿಯುವಂತಿತ್ತು.

"ಇದು ಯಾವಾಗಲೂ ನಿನ್ನ ಜೇಬಲ್ಲಿ ಇರುತ್ತಾ?" ಅಕ್ಕ ಮೆಲ್ಲಗೆ ಕೇಳಿದಳು.

"ಹೂಂ."

"ಯಾವಾಗಿಂದ?"

"ಮೊದಲನೇ ಕೇಕಿಂದ."

ಆಮೇಲೆ ತಂಗಿ, ಕೈ ನಿಲ್ಲಿಸದೆ, ಮುಖ ನೋಡದೆ, ಎಲ್ಲವನ್ನೂ ಹೇಳಿಬಿಟ್ಟಳು. "ಹಳೇ ಗಾಡೀಲಿ ನೀನು ಗೇರು ಇಳಿಸೋವಾಗ ಇಂಜಿನ್ನು ಒಂದ್ಸಲ ಊಂಯ್ ಅಂತ ಕೂಗ್ತಿತ್ತು. ಕೂಗ್ತು ಅಂದ್ರೆ ಕೇಕು ಮುಂದಕ್ಕೆ ಬರುತ್ತೆ, ಅಷ್ಟರೊಳಗೆ ನಾನು ಹಿಂದಕ್ಕೆ ಎಳ್ಕೊಳ್ತಿದ್ದೆ. ಎರಡರಿಂದ ಮೂರಕ್ಕೆ ಹಾಕೋವಾಗ ಟಕ್ ಅಂತಿತ್ತು. ಆ ಟಕ್ಕಿಗೆ ಎದೆ ಕೊಟ್ಟು ನಿಲ್ಲಿಸ್ತಿದ್ದೆ. ಮೂಲೇಲಿ ನೀನು ಯಾವಾಗ್ಲೂ ಎರಡನೇ ಗೇರು, ಅದಕ್ಕೆ ಭುಜ. ಎಲ್ಲಾ ಬಾಯಿಪಾಠ ಆಗೋಗಿತ್ತು. ಆದ್ರೂ ಸ್ವಲ್ಪ ಜರುಗ್ತಿತ್ತು. ಅದನ್ನ ನೀನು ಒಳಗೆ ಹೋಗಿ ಬರೋದ್ರೊಳಗೆ ಸರಿಮಾಡಿಬಿಡ್ತಿದ್ದೆ. ಈ ಗಾಡಿ ಏನೂ ಹೇಳಲ್ಲ. ಒಂದೇ ರಾಗ. ಎಲ್ಲಿ ನಿಲ್ಲುತ್ತೆ, ಎಲ್ಲಿ ಹೊರಡುತ್ತೆ, ಕತ್ತಲೆ ಡಬ್ಬದಲ್ಲಿ ನನಗೆ ಹೇಗೆ ಗೊತ್ತಾಗ್ಬೇಕು?"

ಅಕ್ಕನ ಒಂದು ಕಾಲಿಗೆ ಚಪ್ಪಲಿ, ಒಂದಕ್ಕಿಲ್ಲ, ಕೈಯಲ್ಲಿ ಕೇಕಿನ ನಾಲ್ಕನೆಯ ಅಂತಸ್ತು. ಇಂಥ ಸ್ಥಿತಿಯಲ್ಲಿ ಸಿಟ್ಟು ಮಾಡುವುದು ಕಷ್ಟ, ಆದರೂ ಮಾಡಿದಳು.

"ಹತ್ತೊಂಬತ್ತು ವರ್ಷ ನನ್ನನ್ನ ಮಂಗ ಮಾಡಿದೆಯಲ್ಲೇ! ನಾನು ಊರೆಲ್ಲಾ ಕಾಲು ತೋರಿಸ್ಕೊಂಡು ಓಡಾಡಿದೆ! ಒಂದು ಮಾತು ಹೇಳೋಕೆ ನಿನಗೇನಾಗಿತ್ತು ದೊಡ್ಡರೋಗ?"

"ಮೊದಲನೇ ದಿನ ಹೇಳೋಣ ಅಂತಿದ್ದೆ. ಆಗ ತಾನೇ ಆ ಶಾಲೆಯವರು ನಿನ್ನನ್ನ ವ್ಯಾನಿಂದ ತೆಗೆದಿದ್ರು. ತಿಂಗಳಿಂದ ನೀನು ನಕ್ಕಿರ್ಲಿಲ್ಲ. ಅವತ್ತು ಆ ಮನೆಯವರು ಹೊಗಳಿದಾಗ ನಿನ್ನ ಮುಖ ನೋಡ್ಬೇಕಿತ್ತು ಅಕ್ಕ. ಹೇಳೋಕೆ ಬಾಯಿ ಬರಲಿಲ್ಲ. ಎರಡನೇ ದಿನ ಮುಜುಗರ ಆಯ್ತು. ಆಮೇಲೆ ಅಭ್ಯಾಸ ಆಗೋಯ್ತು."

ಅಕ್ಕನಿಗೆ ಆ ಮೊದಲ ದಿನ ಚೆನ್ನಾಗಿ ನೆನಪಿತ್ತು. ಸಿಟ್ಟು ಹೇಗೆ ಬಂದಿತ್ತೋ ಹಾಗೆಯೇ ಇಳಿದುಹೋಯಿತು, ಅದರ ಜಾಗಕ್ಕೆ ನಾಚಿಕೆ ಬಂದು ಕೂತಿತು. ನಾಚಿಕೆಯ ಜೊತೆಗೆ, ಕರೆಯದಿದ್ದರೂ, ತಂಗಿಯ ಮೇಲೆ ಅಳು ಬರುವಷ್ಟು ಪ್ರೀತಿ. ಆದರೆ ಅಳುವುದಕ್ಕೆ ಎರಡೂ ಕೈ ಖಾಲಿಯಿರಬೇಕು. ಡಾಕ್ಟರಮ್ಮನ ಅತಿಥಿಗಳು ಬರಲು ಇನ್ನು ಇಪ್ಪತ್ತೈದು ನಿಮಿಷವಿತ್ತು, ದಾರಿ ಇನ್ನೂ ಅರ್ಧ ಉಳಿದಿತ್ತು.

"ಇನ್ನೊಂದ್ಸಲ ವಾಲಿದ್ರೆ ಕ್ರೀಮು ಸಾಲಲ್ಲ" ಎಂದಳು ತಂಗಿ.

"ವಾಲಲ್ಲ. ಜಾಲರಿ ಹತ್ತಿರ ಕಿವಿ ಇಟ್ಕೋ" ಎಂದು ಅಕ್ಕ ಬಾಗಿಲು ಮುಚ್ಚಿದಳು.

ವ್ಯಾನು ಹೊರಟಿತು. ಮುಂದೆ ಸಿಗ್ನಲ್ಲು ಕೆಂಪಾಯಿತು. ಅಕ್ಕ ಬ್ರೇಕಿಗೆ ಕಾಲು ತರುವ ಮೊದಲು ಕತ್ತು ಹಿಂದಕ್ಕೆ ಹೊರಳಿಸಿ, ಹೊಟ್ಟೆಯಿಂದ ಸ್ವರ ತೆಗೆದು "ಊಂಯ್ಯ್ಯ್!" ಎಂದು ಕೂಗಿದಳು. ಎರಡು ಕ್ಷಣ ಬಿಟ್ಟು ಬ್ರೇಕು ಹಾಕಿದಳು. ಹಿಂದಿನಿಂದ "ಸಿಕ್ತು!" ಎಂಬ ಉತ್ತರ ಬಂತು. ಹಸಿರಾಯಿತು. "ಘುರ್ರ್ರ್… ಟಕ್!" ಎಂದಳು. ವೇಗ ಹೆಚ್ಚಿತು, "ಟಕ್!" ಎಂದಳು. ಮೂಲೆ ಬಂತು, "ಊಂಯ್, ಎರಡನೇದು, ಬಲಕ್ಕೆ!" ಎಂದಳು. ಮೂವತ್ತು ವರ್ಷ ಗೇರು ಹಾಕಿದವಳಿಗೆ ಯಾವ ವೇಗಕ್ಕೆ ಯಾವ ಸದ್ದು ಎಂದು ಯಾರೂ ಹೇಳಿಕೊಡಬೇಕಿರಲಿಲ್ಲ. ಗೇರು ಹಾಕಬೇಕಿಲ್ಲದ ಗಾಡಿಗೆ ಐದು ಗೇರನ್ನೂ ಬಾಯಲ್ಲೇ ಹಾಕಿಕೊಂಡು ಅವಳು ಊರನ್ನು ಸೀಳಿಕೊಂಡು ಹೋದಳು. ಪಕ್ಕದಲ್ಲಿ ನಿಂತ ಮೋಟಾರ್‌ಸೈಕಲ್ಲಿನವನು ಹೆಲ್ಮೆಟ್ಟಿನ ಗಾಜು ಎತ್ತಿ ಅವಳನ್ನು ದಿಟ್ಟಿಸಿದ. ಅಕ್ಕ ಅವನ ಕಡೆ ತಿರುಗಿ, ಗಂಭೀರವಾಗಿ "ಟಕ್" ಎಂದು ಮುಂದೆ ಹೋದಳು.

ಕ್ಲಿನಿಕ್ಕಿನ ಮುಂದೆ ನಿಲ್ಲಿಸುವ ಹೊತ್ತಿಗೆ ಕೂಗಿ ಕೂಗಿ ಅವಳ ಗಂಟಲು ಕಟ್ಟಿತ್ತು. ಒಳಗೆ ಹೋಗಿ ಮೇಜು ನೋಡಿಬರುವ ಗೋಜಿಗೆ ಹೋಗದೆ ನೇರ ಹಿಂದೆ ಬಂದು ಬಾಗಿಲು ತೆರೆದಳು. ಕೇಕು ನೆಟ್ಟಗಿತ್ತು. ತಂಗಿ ಬೆವರಿನಲ್ಲಿ ಮಿಂದಿದ್ದಳು. ಕೋನು ಜೇಬಿನಲ್ಲೇ ಇತ್ತು.

ಇಬ್ಬರೂ ಸೇರಿ ಹೊತ್ತು ಒಳಗಿಟ್ಟರು. ಡಾಕ್ಟರಮ್ಮ ಕನ್ನಡಕ ಏರಿಸಿ, ಮೇಲಿನ ಅಂತಸ್ತನ್ನು ಬೆರಳ ತುದಿಯಿಂದ ಮುಟ್ಟಿ, ಎಡಕ್ಕೊಮ್ಮೆ ಬಲಕ್ಕೊಮ್ಮೆ ಒತ್ತಿ ನೋಡಿದರು. "ಗಟ್ಟಿಯಾಗಿದೆ, ಅಲ್ಲಾಡ್ತಿಲ್ಲ. ಕೀಳೋದೇನೂ ಬೇಡ" ಎಂದರು.

ಹಿಂತಿರುಗುವಾಗ ತಂಗಿ ರೂಢಿಯಂತೆ ಹಿಂಬಾಗಿಲಿನ ಕಡೆ ನಡೆದಳು. ಅಕ್ಕ ಮುಂದಿನ ಬಾಗಿಲು ತೆರೆದು ಹಿಡಿದಳು. "ಖಾಲಿ ಡಬ್ಬದಲ್ಲಿ ಏನು ಕಾಯ್ತೀಯ? ಇಲ್ಲಿ ಕೂತ್ಕೋ." ತಂಗಿ ಹತ್ತಿ ಕೂತು, ದೊಡ್ಡ ಗಾಜಿನಾಚೆ ರಸ್ತೆಯನ್ನು ಹೊಸ ಊರು ನೋಡುವವಳಂತೆ ನೋಡಿದಳು.

ಸ್ವಲ್ಪ ದೂರ ಬಂದರು. ಆಮೇಲೆ ಅಕ್ಕ ಹೇಳಿದಳು. "ಆ ಕಂಪನಿಯವನಿಗೆ ಬರೋಕೆ ಹೇಳಿಬಿಡು. ಅವನ ಡ್ರೈವರ್ ಹತ್ರ ಆದ್ರೆ ನೀನು ಹಿಂದೆ ಕೂರಬೇಕಾಗಿಲ್ಲ. ನಾನು ಏನಾದ್ರೂ ಮಾಡ್ಕೊಳ್ತೀನಿ." ಹೇಳುವುದು ಸುಲಭವಾಗಿರಲಿಲ್ಲ. ಹೇಳಿ ಅವಳು ರಸ್ತೆಯನ್ನೇ ನೋಡುತ್ತಿದ್ದಳು.

"ಅವನ ಡ್ರೈವರು ಬಾಯಲ್ಲಿ ಗೇರು ಹಾಕ್ತಾನಾ?"

"ಅವನ್ಯಾಕೆ ಹಾಕ್ತಾನೆ?"

"ಮತ್ತೆ?" ಎಂದಳು ತಂಗಿ. ಅಷ್ಟೇ ಹೇಳಿದಳು, ಆ ವಿಷಯ ಅಲ್ಲಿಗೆ ಮುಗಿಯಿತು.

ಸಿಗ್ನಲ್ಲು ಬಂತು. ಅಕ್ಕ ಎಂದಿನಂತೆ ಮೆತ್ತಗೆ ಬ್ರೇಕಿನ ಮೇಲೆ ಕಾಲಿಟ್ಟಳು. ಪಕ್ಕದಲ್ಲಿ ತಂಗಿಯ ಮೈ ಹಿಂದಕ್ಕೆ ಸರಿಯಿತು, ಎರಡೂ ತೋಳು ಎದ್ದು ಎದೆಯ ಮುಂದಿನ ಬರಿ ಗಾಳಿಯನ್ನು ತಬ್ಬಿ ಹಿಡಿದವು, ಗಲ್ಲ ಮೇಲಕ್ಕೆದ್ದಿತು. ಅವಳ ಕಣ್ಣು ಮಾತ್ರ ಕಿಟಕಿಯಾಚೆ ಒಂದು ಬಟ್ಟೆಯಂಗಡಿಯನ್ನು ನೋಡುತ್ತಿತ್ತು. ತಾನು ಏನು ಮಾಡುತ್ತಿದ್ದೇನೆಂಬ ಪರಿವೆಯೇ ಅವಳಿಗಿರಲಿಲ್ಲ. ಹತ್ತೊಂಬತ್ತು ವರ್ಷ ತಗಡಿನ ಆಚೆ ನಡೆದದ್ದನ್ನು ಅಕ್ಕ ಅಂದು ಮೊದಲ ಸಲ ಕಣ್ಣಾರೆ ಕಂಡಳು.

"ಕೈ ಇಳಿಸೇ. ಅಲ್ಲೇನೂ ಇಲ್ಲ."

"ಅಯ್ಯೋ, ಹೌದಲ್ಲ" ಎಂದು ತಂಗಿ ನಕ್ಕು ಕೈ ಇಳಿಸಿದಳು. ಮುಂದಿನ ಮೂಲೆಯಲ್ಲಿ ಅವು ಮತ್ತೆ ಎದ್ದವು. ಅಕ್ಕ ಈ ಸಲ ಗಾಡಿಯನ್ನು ಇನ್ನಷ್ಟು ನಿಧಾನ ಮಾಡಿ, ಆ ಮೂಲೆಯಲ್ಲಿ ತಿರುಗಿಸಿದಳು.